ಕೊಯ್ತಾ ಹದಿನೇಳರ ನಾಡಿ

ಗಂಡ ಮಾಳಿಂಗನ ಮೊದಲ ಏಟು ಬೆನ್ನಿಗೆ ಬಿದ್ದಾಗ ದಾನವ್ವನ ಹೊಟ್ಟೆಯೊಳಗೆ ಟಕ್ ಎಂದಿತು. ಎರಡನೆಯದು ದವಡೆಗೆ. ಬಾಯಿ ತುಂಬ ರಕ್ತ, ಹೊಟ್ಟೆಯೊಳಗೆ ಮತ್ತೆ ಟಕ್. ಮೂರನೆಯದಕ್ಕೆ ಅವನು ಕಾಲೆತ್ತಿದ. ಅವಳು ಗುಡಿಸಲ ಬಾಗಿಲು ದಾಟಿ, ಒಲೆಯ ಮೇಲಿದ್ದ ಚಹಾದ ಪಾತ್ರೆಯನ್ನೂ ಉರುಳಿಸಿಕೊಂಡು, ಬೂದಿಯಲ್ಲಿ ಹೋಗಿ ಬಿದ್ದಳು. ಬಿದ್ದವಳು ಅಳಲಿಲ್ಲ, ಕೂಗಲಿಲ್ಲ, ಅಲ್ಲೇ ಕಾದಳು. ಏನನ್ನು ಕಾದಳು ಅನ್ನುವಿರಾ? ಬಿಸಿಯನ್ನು. ಹೊಕ್ಕುಳ ಪಕ್ಕದಿಂದ ಹೊರಟ ಆ ಬಿಸಿ ನಿಧಾನಕ್ಕೆ ಎದೆಗೆ, ತೋಳಿಗೆ, ಕಾಲಿಗೆ ಹರಡಿತು. ಕಣ್ಣ ಮುಂದಿನ ಮಬ್ಬು ಹರಿಯಿತು. ಎಷ್ಟೋ ಹೊತ್ತಿನಿಂದ ಕಾಣದ ಹಸಿವು ಕಾಣಿಸಿಕೊಂಡಿತು. ಅರ್ಧ ಗಂಟೆಯಾದ ಮೇಲೆ ಎದ್ದು ಬೂದಿ ಕೊಡವಿಕೊಂಡು, ಬಾಯಿ ಮುಕ್ಕಳಿಸಿ ಕೆಂಪು ನೀರು ಉಗುಳಿ, ಎರಡು ರೊಟ್ಟಿ ತಿಂದು, ಕತ್ತಿ ಹಿಡಿದು ಕಬ್ಬಿನ ಹೊಲಕ್ಕೆ ನಡೆದಳು. ಆ ದಿನ ಇಬ್ಬರು ಗಂಡಸರು ಕಡಿಯುವಷ್ಟು ಕಬ್ಬನ್ನು ಅವಳೊಬ್ಬಳೇ ಕಡಿದಳು.

"ನೋಡ್ರಿ ಮುಕಾದಮರ," ಎಂದು ಮಾಳಿಂಗ ಬದುವಿನ ಮೇಲೆ ಕೂತು ಬೀಡಿ ಹಚ್ಚಿದ. "ಹೊಡದ್ರನ ಏಳ್ತಾಳ ಇಕಿ. ಬಿಟ್ರ ಅಲ್ಲೇ ಹೆಣ ಬಿದ್ದಂಗ ಬಿದ್ದಿರ್ತಾಳ."

ಕಬ್ಬು ಕಡಿಯುವ ಗ್ಯಾಂಗಿನ ಮುಖ್ಯಸ್ಥ, ಮುಕಾದಮ ಗೊಲ್ಲಾಳಪ್ಪ ತಲೆ ಕೆರೆದುಕೊಂಡ. "ಏನ್ ಹೆಣ್ಣಲೇ ಇದು. ನಾನೂ ಮೂವತ್ತ ವರ್ಷ ಗ್ಯಾಂಗ್ ನಡಸೀನಿ, ಪೆಟ್ಟ ತಿಂದ ಗಟ್ಟಿ ಆದಾಕಿನ್ನ ಕಂಡಿಲ್ಲ."

ನಾಚಿಕೆಗೇಡಿನ ಸಂಗತಿಯೆಂದರೆ, ಮಾಳಿಂಗ ಹೇಳಿದ್ದು ಸುಳ್ಳಾಗಿರಲಿಲ್ಲ. ಇಡೀ ಗ್ಯಾಂಗು ಅದನ್ನು ಕಣ್ಣಾರೆ ಕಂಡಿತ್ತು. ಹಾಗಾಗಿ ಬಿಡಿಸಲು ಯಾರೂ ಬರುತ್ತಿರಲಿಲ್ಲ. ಔಷಧ ಕುಡಿಸುವವನ ಕೈ ಹಿಡಿಯುವುದುಂಟೇ ಎಂಬಂತೆ ಹೆಂಗಸರೂ ಮುಖ ತಿರುಗಿಸಿಕೊಂಡು ರೊಟ್ಟಿ ಬಡಿಯುತ್ತಿದ್ದರು.

ಇದರ ಬೇರು ಮೂರು ವರ್ಷದ ಹಿಂದಿನದು. ಬಿಸಿಲು ವರ್ಷ ವರ್ಷಕ್ಕೆ ಏರಿ, ಇಲಿಗಳು ಮಿತಿಮೀರಿ, ಇಲಿಗಳ ಬೆನ್ನು ಹತ್ತಿ ಕೊಳಕುಮಂಡಲ ಹಾವುಗಳು ಹೊಲ ಹೊಲ ತುಂಬಿಕೊಂಡ ಕಾಲ ಅದು. ದೊಡ್ಡ ಹೊಲಗಳಲ್ಲಿ ಯಂತ್ರಗಳೇ ಕಬ್ಬು ಕಡಿಯುತ್ತಿದ್ದವು. ಯಂತ್ರದ ಗಾಲಿ ಹೂತುಹೋಗುವ ಹೊಳೆದಂಡೆಯ ಜವುಗು ಹೊಲಗಳಿಗೆ ಮಾತ್ರ ಮನುಷ್ಯರು ಬೇಕಾಗಿದ್ದರು. ಅಂಥ ಒಂದು ಹೊಲದಲ್ಲಿ ರವದಿಯ, ಅಂದರೆ ಕಬ್ಬಿನ ಒಣಗರಿಯ, ಕೆಳಗಿಂದ ದಾನವ್ವನ ಹಿಮ್ಮಡಿಗೆ ಹಾವು ಬಾಯಿ ಹಾಕಿತು. ಪಕ್ಕದಲ್ಲಿದ್ದ ಮಾಳಿಂಗ ಏನು ಮಾಡಿದ? ಓಡಿದ. ಹೆಂಡತಿಯನ್ನು ಅಲ್ಲೇ ಬಿಟ್ಟು ಟ್ರ್ಯಾಕ್ಟರಿನ ಟ್ರೇಲರ್ ಹತ್ತಿ ನಿಂತ. ಅವಳನ್ನು ಹೊತ್ತು ತಂದವರು ಬೇರೆಯವರು. ಅಂದಿನಿಂದ ರವದಿ ಸರಕ್ಕೆಂದರೂ ಅವನು ಬಿಳಿಚಿಕೊಂಡು, "ನೀ ಮುಂದ ನಡಿ" ಎಂದು ಅವಳನ್ನು ತಳ್ಳುತ್ತಿದ್ದ. ಅವಳೆದುರು ತಾನು ಓಡಿದ್ದು ಅವನಿಗೆ ಮರೆಯಲೇ ಇಲ್ಲ. ಅದನ್ನು ಮರೆಯಲಿಕ್ಕೆಂದೇ ಹೊಡೆಯುತ್ತಿದ್ದನೇನೋ, ಯಾರಿಗೆ ಗೊತ್ತು.

ಒಸಡಿನಿಂದ, ಮೂಗಿನಿಂದ ರಕ್ತ ಸೋರಿ, ಹದಿನಾರು ದಿನ ಆಸ್ಪತ್ರೆಯಲ್ಲಿ ಬಿದ್ದು ದಾನವ್ವ ಬದುಕಿದಳು. ಎಲ್ಲರೂ ಗಂಡಾಂತರ ಕಳೆಯಿತೆಂದುಕೊಂಡರು. ಆದರೆ ವಿಷ ಇನ್ನೊಂದು ಕೆಲಸವನ್ನು ಸದ್ದಿಲ್ಲದೆ ಮುಗಿಸಿ ಹೋಗಿತ್ತು. ಮೊದಲು ಮುಟ್ಟು ನಿಂತಿತು. ಆಮೇಲೆ ಹುಬ್ಬಿನ ಕೂದಲು ಉದುರಿತು. ಏಪ್ರಿಲ್ ಬಿಸಿಲಿನಲ್ಲಿ ಚಳಿಯಾಗತೊಡಗಿತು. ಕೂತಲ್ಲಿ ನಿದ್ದೆ, ನಿಂತರೆ ತಲೆಸುತ್ತು. ಮಾಳಿಂಗ ಅದಕ್ಕೆ ಸೋಗು ಎಂದು ಹೆಸರಿಟ್ಟ. ಬಂಜೆ ಎಂದು ಇನ್ನೊಂದು ಹೆಸರನ್ನೂ ಇಟ್ಟ.

ಕೊನೆಗೊಂದು ದಿನ ಆಸ್ಪತ್ರೆಯ ವೈದ್ಯರು ಅವಳ ತಲೆಯ ಚಿತ್ರ ತೆಗೆದು ನೋಡಿದರು. ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ಒಂದು ಗ್ರಂಥಿ ಇರುತ್ತದೆ, ಮೈಯೊಳಗಿನ ಉಳಿದ ಗ್ರಂಥಿಗಳಿಗೆಲ್ಲ ಅಪ್ಪಣೆ ಕೊಡುವುದು ಅದೇ, ಹಾವಿನ ವಿಷದಿಂದ ಅದಕ್ಕೆ ಹರಿಯುವ ರಕ್ತ ನಿಂತು ಅದು ಒಣಗಿದೆ ಎಂದರು. ಬಲು ಅಪರೂಪದ ತೊಂದರೆ, ಕಚ್ಚಿದ ಗಾಯ ಮಾಯ್ದು ಎಷ್ಟೋ ತಿಂಗಳಾದ ಮೇಲೆ ತಿಳಿಯುತ್ತದೆ. ಹೆದರಿಕೆಯಾದಾಗ, ಗಾಯವಾದಾಗ, ದುಡಿದು ದಣಿದಾಗ ಯಾವ ಮೈಯಾದರೂ ಕಾರ್ಟಿಸಾಲ್ ಎಂಬ ರಸವನ್ನು ಹೆಚ್ಚು ಸುರಿಸಿಕೊಂಡು ತಾಳಿಕೊಳ್ಳುತ್ತದೆ. ದಾನವ್ವನ ಮೈ ಅದನ್ನು ಸುರಿಸಲಾರದು. ಒಂದು ದೊಡ್ಡ ಗಾಯವಾದರೆ ರಕ್ತದೊತ್ತಡ ಕುಸಿದು ಗಂಟೆಯೊಳಗೆ ಜೀವ ಹೋಗಬಹುದು.

ಅದಕ್ಕೇ ಅವಳ ಹೊಟ್ಟೆಯ ಚರ್ಮದ ಕೆಳಗೆ ಒಂದು ಪುಟ್ಟ ಪಂಪು ಕೂರಿಸಿದರು. ಹಾವುಗಳು ಹೆಚ್ಚಿದ ಮೇಲೆ ಅಂಥ ನೂರಾರು ಮಂದಿಗೆ ಕೂರಿಸಿದ್ದರು. ಜನ ಅದನ್ನು ಕಾಳು ಎಂದು ಕರೆದರು. ಕೈಗೆ ಕಟ್ಟಿಕೊಂಡ ಬಳೆ ನಾಡಿಯನ್ನೂ ಬೆವರನ್ನೂ ಅಳೆದು ಜಿಲ್ಲೆಯ ನಿಗಾ ಕೋಣೆಗೆ ಕಳಿಸುವುದು, ಅಲ್ಲಿಯ ಗಣಕ ಲೆಕ್ಕ ಹಾಕಿ ಇಂತಿಷ್ಟು ರಸ ಬಿಡು ಎಂದು ಕಾಳಿಗೆ ಅಪ್ಪಣೆ ಕೊಡುವುದು. ಅಷ್ಟೇ ಅದರ ಮರ್ಮ.

ಕಾಳು ಕೂರಿಸಿ ಹದಿನಾಲ್ಕು ತಿಂಗಳಾಗಿತ್ತು. ಅದರೊಳಗೆ ದಾನವ್ವ ಒಂದು ವಿದ್ಯೆ ಕಲಿತಿದ್ದಳು. ಗಂಡನಿಗೆ ಸಿಟ್ಟು ಬಂದರೆ ತನಗೆ ಬಲ ಬರುತ್ತದೆ. ಯಾಕೆಂದು ಅವಳಿಗೆ ತಿಳಿಯದು. ತಿಳಿದದ್ದು ಇಷ್ಟೇ, ಅವನು ಸಮಾಧಾನದಿಂದಿರುವ ದಿನ ಅವಳು ಏಳಲಾರಳು. ಹಾಗಾಗಿ ತೀರಾ ಕೈಲಾಗದ ಬೆಳಿಗ್ಗೆ ಅನ್ನದಲ್ಲಿ ಹರಳು ಹಾಕುತ್ತಿದ್ದಳು. ಚಹಾಕ್ಕೆ ಸಕ್ಕರೆ ಮರೆಯುತ್ತಿದ್ದಳು. ನೀ ಓಡಿದಿ ಎಂದು ಒಂದು ಮಾತು ಆಡುತ್ತಿದ್ದಳು. ಆಮೇಲೆ ಬೆನ್ನು ಕೊಟ್ಟು ನಿಲ್ಲುತ್ತಿದ್ದಳು.

ಬೂದಿಯಲ್ಲಿ ಬಿದ್ದ ಮರುದಿನ ಮಧ್ಯಾಹ್ನ ಬಾಡಿನೂಟ ಉಂಡ ಮಾಳಿಂಗ ಬೇವಿನ ಗಿಡದ ಕೆಳಗೆ ಗಡದ್ದಾಗಿ ನಿದ್ದೆ ಹೋದ. ಉರಿಬಿಸಿಲಿನಲ್ಲಿ ಕಬ್ಬಿನ ಹೊರೆ ಹೊತ್ತಿದ್ದ ದಾನವ್ವ ಕುಸಿದು ಬಿದ್ದಳು. ಊರಿನ ಆಶಾ ಕಾರ್ಯಕರ್ತೆ ಅವಳನ್ನು ಟೆಂಪೋಕ್ಕೆ ಹಾಕಿ ಜಿಲ್ಲಾ ಆಸ್ಪತ್ರೆಗೆ ಕಳಿಸಿದಳು. ಸಲೈನು, ಸೂಜಿ ಆದ ಮೇಲೆ ಮರುದಿನ ಬೆಳಿಗ್ಗೆ ಅವಳನ್ನು ಮಹಡಿಯ ಮೇಲಿನ ನಿಗಾ ಕೋಣೆಗೆ ಕರೆದೊಯ್ದರು. ಕರೆದಿದ್ದವಳು ಅಲ್ಲಿಯ ತಂತ್ರಜ್ಞೆ ಸಬೀಹಾ ನದಾಫ. ಮೂವತ್ತರ ಹೆಂಗಸು, ತಲೆಗೆ ಹಸಿರು ದುಪಟ್ಟಾ, ಎರಡು ರಾತ್ರಿ ನಿದ್ದೆ ಕಾಣದ ಕಣ್ಣು.

ಗೋಡೆಯ ತುಂಬ ಗೆರೆಗಳು ಓಡುತ್ತಿದ್ದವು. ಒಂದೊಂದು ಗೆರೆಯೂ ಹಾವು ಕಡಿದು ಬದುಕಿದ ಒಬ್ಬೊಬ್ಬರದು.

"ಅಕ್ಕಾ, ಕೊಯ್ತಾ ಹದಿನೇಳು, ಇದು ನಿನ್ನ ಗೆರಿ," ಎಂದಳು ಸಬೀಹಾ. "ಇಲ್ಲಿ ನೋಡು. ಮೊನ್ನೆ ಮುಂಜಾನೆ ಏಳೂವರಿಗೆ ನಾಡಿ ನೂರಾ ನಲವತ್ತಕ್ಕ ಏರೇತಿ. ಏನಾಗಿತ್ತು?"

"ಹೊಡದಿದ್ದ."

ಸಬೀಹಾ ಅವಳ ದವಡೆಯ ಬಾವು ನೋಡಿ, ಗೆರೆಯನ್ನು ಮುಂದಕ್ಕೆ ಸರಿಸಿದಳು. "ಸರಿ. ನಿನ್ನೆ ಮಧ್ಯಾಹ್ನ ನೀ ಎಚ್ಚರ ತಪ್ಪಿ ಬಿದ್ದೀದಿ. ಆದ್ರ ಗೆರಿ ನೋಡಿದ್ರ ಹೊಟ್ಟಿತುಂಬ ಉಂಡು ಮಲಗಿದಂಗೈತಿ. ಇದು ಹೆಂಗ ಅಂತ ನನಗ ತಿಳೀವಲ್ದು."

ದಾನವ್ವ ಬಗ್ಗಿ ಗೆರೆಯನ್ನು ನೋಡಿದಳು. ಅಕ್ಷರ ಬಾರದವಳು. ಆದರೆ ಆ ಏರಿಳಿತ ಅವಳಿಗೆ ಚಿರಪರಿಚಿತ. ಇಲ್ಲಿ ಉಂಡ, ಇಲ್ಲಿ ಮಲಗಿದ, ಇಲ್ಲಿ ಎದ್ದು ಇಸ್ಪೀಟು ಆಡಿದ, ಇಲ್ಲಿ ಸೋತು ಬಂದು ಜುಟ್ಟು ಹಿಡಿದ.

"ಬಾಯಾರ, ಇದು ನಂದಲ್ರಿ," ಎಂದಳು. "ಇದು ನನ್ನ ಗಂಡಂದು."

"ನಿನ್ನ ಕೈಯಾಗ ಹಾಕೋ ಬಳಿ ಎಲ್ಲೈತಿ? ಕರೀದು, ವಾಚಿನಂಥಾದ್ದು?"

"ಅದು ಅಂವನ ಕೈಯಾಗೈತಿ. ಹಾಜರಿ ವಾಚ್ ಅಂತ ಮುಕಾದಮರು ಅಂವಗ ಕಟ್ಟಿದ್ರು."

ಸಬೀಹಾ ಕುರ್ಚಿ ಎಳೆದುಕೊಂಡು ಹಳೆಯ ಪಟ್ಟಿ ತೆರೆದಳು. ತಪ್ಪು ಎಲ್ಲಿ ನಡೆಯಿತೆಂಬುದು ಐದು ನಿಮಿಷದಲ್ಲಿ ಹೊರಬಿತ್ತು. ಕಬ್ಬು ಕಡಿಯುವವರಲ್ಲಿ ಗಂಡ ಹೆಂಡತಿ ಸೇರಿ ಒಂದು ಕೊಯ್ತಾ. ಎಣಿಸುವುದು ತಲೆಗಳನ್ನಲ್ಲ, ಜೋಡಿಗಳನ್ನು. ಒಂದು ಜೋಡಿಗೆ ಒಂದು ನಂಬರು, ಒಂದು ಹೆಸರು, ಆ ಹೆಸರು ಗಂಡಸಿನದು. ಆಸ್ಪತ್ರೆಯವರು ಮುಕಾದಮನ ಪಟ್ಟಿಯನ್ನೇ ಇಳಿಸಿಕೊಂಡಿದ್ದರು. ಕಾಳು ಹೋಗಿದ್ದು ಹೆಂಡತಿಯ ಹೊಟ್ಟೆಗೆ. ಬಳೆ ಆಮೇಲೆ ಪಾರ್ಸೆಲ್ಲಿನಲ್ಲಿ ಬಂತು, ಮೇಲೆ "ಕೊಯ್ತಾ ಹದಿನೇಳು" ಎಂದಿತ್ತು. ಗೊಲ್ಲಾಳಪ್ಪ ಮೂವತ್ತು ವರ್ಷದಿಂದ ಏನು ಬಂದರೂ ಯಾರ ಕೈಗೆ ಕೊಡುತ್ತಿದ್ದನೋ ಅವನ ಕೈಗೇ ಕಟ್ಟಿದ್ದ.

"ಅಂದ್ರ ಹದಿನಾಲ್ಕ ತಿಂಗಳು ನಾ ಅಂವನ ಎದಿಬಡಿತದ ಮ್ಯಾಲ ಬದುಕೀನಿ," ಎಂದಳು ದಾನವ್ವ. "ನಾನ ಸಿಟ್ಟ ಬರಸ್ತಿದ್ದೆ ಬಾಯಾರ. ಬೇಕಂತ. ಅನ್ನದಾಗ ಹರಳ ಹಾಕಿ ಹೊಡಸ್ಕೋತಿದ್ದೆ." ಅಷ್ಟು ಹೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಏಟಿಗೆ ಬಾರದ ಅಳು ಈಗ ಬಂತು. ಸಬೀಹಾಳೂ ಅತ್ತಳು.

ಆದರೆ ಅಳುತ್ತ ಕೂರಲು ವೇಳೆಯಿರಲಿಲ್ಲ. ಹೊಸ ಬಳೆ ಬರಲು ಎರಡು ತಿಂಗಳು ಬೇಕು. ನಾಳೆ ಸಂಜೆ ಗ್ಯಾಂಗು ಹೊಳೆ ದಾಟಿ ಬೇರೆ ರಾಜ್ಯಕ್ಕೆ ಹೋಗುತ್ತದೆ, ಮಾಳಿಂಗನೊಂದಿಗೆ ಬಳೆಯೂ ಹೋಗುತ್ತದೆ. ಬಳೆಗೆ ಕೊಂಡಿ ಇದೆ, ಅದನ್ನು ತೆಗೆಯುವುದು ನಿಗಾ ಕೋಣೆಯಿಂದ ಮಾತ್ರ.

"ಮ್ಯಾಲಿನವರ ಒಪ್ಪಿಗಿ ನಾಳೆ ಮಧ್ಯಾಹ್ನ ಸಿಗತೈತಿ," ಎಂದಳು ಸಬೀಹಾ. "ಸರಿಯಾಗಿ ನಾಕಕ್ಕ ನಾ ಕೊಂಡಿ ತಗೀತೀನಿ. ಎರಡ ನಿಮಿಷ ತೆರೆದಿರತೈತಿ, ಮತ್ತ ಮುಚ್ಚಿಕೊಳ್ಳತೈತಿ. ಅಷ್ಟರಾಗ ನೀ ಅದನ್ನ ನಿನ್ನ ಕೈಗೆ ಹಾಕ್ಕೋಬೇಕು. ನಾಕರ ತನಕ ದೊಡ್ಡ ಗಾಯ ಮಾಡ್ಕೋಬ್ಯಾಡ. ಹಂಗೇನರ ಆದ್ರ ಈ ರಸದ ಸೂಜಿ ತೊಡಿಗೆ ಚುಚ್ಚಿಕೋ." ಒಂದು ಸಣ್ಣ ಡಬ್ಬಿಯನ್ನು ಅವಳ ಕೈಗಿಟ್ಟಳು.

ದಾನವ್ವ ಬಸ್ಸು ಹತ್ತಿದ ಮೇಲೆ ಸಬೀಹಾ ವಿಷಯವನ್ನು ಗಣಕಕ್ಕೆ ಏರಿಸಿದಳು. ನಿಯಮದ ಪ್ರಕಾರ ಗಣಕ ಕೊಯ್ತಾ ಹದಿನೇಳರ ಫೋನಿಗೆ ಒಂದು ಸಂದೇಶ ಕಳಿಸಿತು. ಬಳೆ ತಪ್ಪು ಕೈಯಲ್ಲಿದೆ, ಆ ಕೈಯ ನಾಡಿ ಏರಿದರೆ ಮಾತ್ರ ರೋಗಿಯ ಕಾಳು ಹೆಚ್ಚು ರಸ ಬಿಡುತ್ತದೆ, ರೋಗಿಯ ಜೀವಕ್ಕೆ ಅಪಾಯ, ನಾಳೆ ನಾಲ್ಕಕ್ಕೆ ಕೊಂಡಿ ತೆರೆಯುತ್ತದೆ. ಕೊಯ್ತಾ ಹದಿನೇಳಕ್ಕೆ ಇದ್ದದ್ದು ಒಂದೇ ಫೋನು. ಅದು ಯಾರ ಜೇಬಿನಲ್ಲಿತ್ತೆಂದು ಬೇರೆ ಹೇಳಬೇಕೇ?

ದಾನವ್ವ ಗುಡಿಸಲಿಗೆ ಬಂದಾಗ ಮಾಳಿಂಗ ಬಾಗಿಲಲ್ಲೇ ಕೂತಿದ್ದ. ಬೈಯಲಿಲ್ಲ. ಅವಳ ಚೀಲ ತೆಗೆದುಕೊಂಡು ಡಬ್ಬಿ ತೆರೆದು, ಸೂಜಿಯನ್ನು ಕಲ್ಲಿನ ಮೇಲಿಟ್ಟು ಕತ್ತಿಯ ಹಿಂಬದಿಯಿಂದ ಜಜ್ಜಿದ. ಗಾಜು ಪುಡಿಯಾಯಿತು. ಅದನ್ನೂ ಅವನು ಸಿಟ್ಟಿಲ್ಲದೆ, ಬೆಳ್ಳುಳ್ಳಿ ಜಜ್ಜಿದಷ್ಟು ಸಹಜವಾಗಿ ಮಾಡಿದ. ಬೆಳಿಗ್ಗೆ ಅವಳು ಸಾರಿಗೆ ಮೂರು ಹಿಡಿ ಉಪ್ಪು ಸುರಿದಳು. ಅವನು ಬಾಯಿಗಿಟ್ಟು, ನುಂಗಿ, ಅವಳನ್ನು ನೋಡಿ ನಕ್ಕ. "ಛಲೋ ಆಗೇತಿ," ಎಂದ. ಹೊಟ್ಟೆಯೊಳಗೆ ಟಕ್ ಎನ್ನಲಿಲ್ಲ. ಮೂರು ವರ್ಷದಲ್ಲಿ ಎಂದೂ ಹೆದರದಷ್ಟು ದಾನವ್ವ ಆಗ ಹೆದರಿದಳು.

ಹೊಳೆಯ ಈಚೆಗಿನ ಕೊನೆಯ ಹೊಲ ಅದು. ನಾಲ್ಕೂ ಕಡೆಯಿಂದ ಕಡಿಯುತ್ತ ಬಂದರೆ ಹೊಲದೊಳಗಿನ ಜೀವಿಗಳೆಲ್ಲ ಹಿಂದೆ ಸರಿದು ಸರಿದು ನಡುವೆ ಉಳಿದ ಕಬ್ಬಿನಲ್ಲಿ ಸೇರಿಕೊಳ್ಳುತ್ತವೆ. ಮಧ್ಯಾಹ್ನ ಮೂರರ ಹೊತ್ತಿಗೆ ಉಳಿದದ್ದು ಒಂದು ಕಣದಷ್ಟು ಕಬ್ಬು. ಗ್ಯಾಂಗು ಕತ್ತಿ ಹಿಡಿದು ಸುತ್ತ ನಿಂತಿತು. ಒಳಗೆ ಬೆಂಕಿ ಎಸೆದರು. ಮೊದಲು ಮೊಲಗಳು ಬಂದವು, ಹೊರಬಿದ್ದಲ್ಲೇ ಸತ್ತವು. ಇಲಿಗಳು ಕಾಲಿನ ಮೇಲೆಯೇ ಹರಿದವು. ಆಮೇಲೆ ಮಂಡಲ ಹಾವುಗಳು, ಒಂದಲ್ಲ ಎರಡಲ್ಲ, ಕುಕ್ಕರಿನ ಸೀಟಿಯಂತೆ ಬುಸುಗುಟ್ಟುತ್ತ ಹೊಗೆಯಿಂದ ಉರುಳಿ ಬಂದವು. ಕತ್ತಿಗಳು ಏಳುತ್ತಿದ್ದವು, ಬೀಳುತ್ತಿದ್ದವು. ಮಾಳಿಂಗ ಎಂದಿನಂತೆ ದೂರದ ಬದುವಿನ ಮೇಲೆ, ಕೈಗೆ ಟವೆಲ್ ಬಿಗಿಯಾಗಿ ಸುತ್ತಿಕೊಂಡು, ಹೊಲಕ್ಕೆ ಬೆನ್ನು ಹಾಕಿ ಕೂತಿದ್ದ.

ಕೊನೆಗೆ ಹಂದಿ ಬಂತು. ಮೈಗೆ ಕಿಡಿ ಹತ್ತಿದ ಒಂಟಿ ಹಂದಿ, ನೇರ ದಾನವ್ವನ ಮೇಲೆ. ಕೋರೆ ಅವಳ ತೊಡೆಯನ್ನು ಮೊಳಕಾಲಿನಿಂದ ಮೇಲಕ್ಕೆ ಸೀಳಿಕೊಂಡು ಹೋಯಿತು. ಅವಳು ಗಾಳಿಯಲ್ಲಿ ಹಾರಿ ಬದುವಿನ ಬುಡದಲ್ಲಿ ಬಿದ್ದಳು. ಗ್ಯಾಂಗಿನವರು ಹೋ ಎನ್ನುತ್ತ ಹಂದಿಯ ಬೆನ್ನು ಹತ್ತಿ ಹೊಳೆಯತ್ತ ಓಡಿದರು.

ರಕ್ತ ಬೆಚ್ಚಗೆ ಹರಿಯಿತು. ಸೀರೆಯನ್ನು ಗಾಯಕ್ಕೆ ಒತ್ತಿ ಹಿಡಿದು ದಾನವ್ವ ಹೊಟ್ಟೆಯ ಸದ್ದಿಗೆ ಕಾದಳು. ಇಲ್ಲ. ತುಟಿ ಒಣಗಿತು. ಬೆರಳುಗಳು ತಣ್ಣಗಾದವು. ಆಕಾಶದ ಅಂಚು ಕಪ್ಪಾಗತೊಡಗಿತು.

"ಬೈಯೋ," ಎಂದಳು. "ಒಂದ ಮಾತ ಬೈ."

ಮಾಳಿಂಗ ಅವಳತ್ತ ತಿರುಗಿ ಕೂತ. ಉದ್ದಕ್ಕೆ ಉಸಿರೆಳೆದು ಮೆಲ್ಲಗೆ ಬಿಟ್ಟ. ಬೀಡಿ ಹಚ್ಚಿದ. "ಹೊಡದ್ರ ಪಾಪಿ ಅಂತಿದ್ದಿ," ಎಂದ. "ಇವತ್ತ ಬೆರಳ ಸೈತ ಹಚ್ಚಿಲ್ಲ. ಸುಮ್ಮನ ಕುಂತೀನಿ. ಸುಮ್ಮನ ಕುಂತಾವಗ ಯಾರ ಏನಂತಾರ? ನೀ ಹೋದ್ರ ನಾ ಮತ್ತೊಂದ ಜೋಡಿ ಕಟ್ಟತೀನಿ." ಕಣ್ಣು ಮುಚ್ಚಿ, ದೇವರ ಮುಂದೆ ಕೂತವನಂತೆ ಕೂತುಬಿಟ್ಟ.

ಹದಿನಾಲ್ಕು ತಿಂಗಳು ಅವನು ಕೊಟ್ಟ ಏಟುಗಳೆಲ್ಲ ಆ ಕೂರುವಿಕೆಯ ಮುಂದೆ ಏನೂ ಅಲ್ಲ ಅನ್ನಿಸಿತು ಅವಳಿಗೆ. ಸಾಯಬಾರದು ಎಂಬುದೊಂದೇ ತಲೆಯಲ್ಲಿ ಉಳಿಯಿತು. ಇವನ ಕೈಯಲ್ಲಿ, ಇವನ ನೆಮ್ಮದಿಯಲ್ಲಿ ಸಾಯಬಾರದು. ಸಿಟ್ಟನ್ನು ಇವನು ಬಿಗಿಹಿಡಿದಿದ್ದಾನೆ. ಇವನು ಬಿಗಿಹಿಡಿಯಲಾರದ್ದು ಯಾವುದು?

ಒಂದು ಮಾರು ಆಚೆ ರವದಿ ಸರಕ್ಕೆಂದಿತು. ಹೊಗೆ ಕುಡಿದ ಕೊಳಕುಮಂಡಲವೊಂದು ಸುರುಳಿ ಸುತ್ತಿ ತಲೆಯೆತ್ತಿತ್ತು. ಮೂರು ವರ್ಷದ ಹಿಂದಿನ ಅದೇ ಕಂದು ಮೈ, ಅದೇ ಸರಪಳಿಯ ಚುಕ್ಕೆ. ದಾನವ್ವ ಕತ್ತಿಯನ್ನು ಎರಡೂ ಕೈಯಲ್ಲಿ ಹಿಡಿದಳು. ಮೊದಲ ಏಟು ಮಣ್ಣಿಗೆ ಬಿತ್ತು. ಹಾವು ಮುಖದ ಮೇಲಕ್ಕೇ ಚಿಮ್ಮಿ, ಗೇಣಿನ ಅಂತರದಲ್ಲಿ ತಪ್ಪಿತು. ಎರಡನೆಯ ಏಟಿಗೆ ತಲೆ ತುಂಡಾಗಿ ಅತ್ತ ಹೋಯಿತು. ತಲೆಯಿಲ್ಲದ ಮೈ ಹಾಗೇ ಹೊಸೆದುಕೊಳ್ಳುತ್ತಿತ್ತು. ಅದಕ್ಕೆ ತಾನು ಸತ್ತದ್ದು ತಿಳಿಯಲು ಇನ್ನೂ ಹೊತ್ತು ಬೇಕು. ಅವಳು ಬಾಲ ಹಿಡಿದು, ಉಳಿದ ಬಲವನ್ನೆಲ್ಲ ತೋಳಿಗೆ ತಂದು, ಅದನ್ನು ಮಾಳಿಂಗನ ಮಡಿಲಿಗೆ ಎಸೆದಳು.

ಅವನು ಕಣ್ಣು ತೆರೆದ.

ಆ ಕೂಗು ಹೊಳೆಯವರೆಗೂ ಕೇಳಿತಂತೆ. ಹಾವಿನ ಮೈ ಅವನ ತೊಡೆಗೆ ಸುತ್ತಿಕೊಂಡಿತು. ಅವನು ಎದ್ದ, ಬಿದ್ದ, ಟವೆಲ್ ಕಿತ್ತು ಬಡಿದ, ಬಡಿದಷ್ಟೂ ಅದು ಬಿಗಿಯಿತು. ದಾನವ್ವನ ಹೊಟ್ಟೆಯೊಳಗೆ ಟಕ್ ಎಂದಿತು. ಟಕ್. ಟಕ್. ಟಕ್. ಅವನ ಸಿಟ್ಟಿಗೆ ಅದು ಎಂದೂ ಅಷ್ಟು ಸಲ ಬಡಿದದ್ದಿಲ್ಲ. ಅವಳು ತೊಡೆ ಒತ್ತಿ ಹಿಡಿದು ಬದುವಿನತ್ತ ತೆವಳಿದಳು. ಚಳಿ ಬಿಡದಿದ್ದರೂ ಕಪ್ಪು ಅಂಚು ಹಿಂದಕ್ಕೆ ಸರಿಯತೊಡಗಿತು. ಅಷ್ಟರಲ್ಲಿ ಸಕ್ಕರೆ ಕಾರ್ಖಾನೆಯ ನಾಲ್ಕು ಗಂಟೆಯ ಸೈರನ್ ಕೂಗಿತು. ಮಾಳಿಂಗನ ಮಣಿಕಟ್ಟಿನ ಮೇಲೆ ಕೊಂಡಿ ಬಾಯಿ ಬಿಟ್ಟಿತು. ಅವನಿಗೆ ಬಳೆಯ ನೆನಪಾದರೂ ಎಲ್ಲಿ? ಕೈ ಕೊಡವಿದ ರಭಸಕ್ಕೆ ಅದು ತಾನಾಗಿ ಕಳಚಿ ಮಣ್ಣಿಗೆ ಬಿತ್ತು. ದಾನವ್ವ ಎತ್ತಿಕೊಂಡು, ಸೆರಗಿಗೆ ಒರೆಸಿ, ಗಾಜಿನ ಬಳೆಗಳ ಮೇಲೆ ತನ್ನ ಕೈಗೆ ಹಾಕಿಕೊಂಡಳು. ಕೊಂಡಿ ಮುಚ್ಚಿತು.

ಹಂದಿ ಸಿಗದೆ ಮರಳಿದ ಗ್ಯಾಂಗಿನವರು ಕಂಡದ್ದು, ತಲೆಯಿಲ್ಲದ ಹಾವಿನೊಂದಿಗೆ ಹೊರಳಾಡುತ್ತಿದ್ದ ಮಾಳಿಂಗನನ್ನು. ಮೊದಲು ಒಬ್ಬಳು ನಕ್ಕಳು, ಆಮೇಲೆ ಎಲ್ಲರೂ. "ಏ ಮಾಳಿಂಗ, ಅದಕ್ಕ ತಲಿನ ಇಲ್ಲಲೋ," ಎಂದ ಗೊಲ್ಲಾಳಪ್ಪ. ಆಮೇಲೆ ದಾನವ್ವನ ಕಾಲು ನೋಡಿ ನಗು ನುಂಗಿಕೊಂಡು, ತಲೆಗೆ ಸುತ್ತಿದ್ದ ಪಟಕ ಬಿಚ್ಚಿ ತೊಡೆಗೆ ಬಿಗಿದು ಕಟ್ಟಿದ. ಒಬ್ಬರು ಟ್ರ್ಯಾಕ್ಟರ್ ತರಲು ಓಡಿದರು. ಮುಕ್ಕಾಲು ಗಂಟೆ ಕಳೆಯಿತು. ಹೆಂಗಸರು ನೀರು ಕುಡಿಸಿದರು. ಅವಳ ಕಣ್ಣು ಸ್ವಚ್ಛವಾಗಿತ್ತು.

ಮಾಳಿಂಗ ಬಂದ. ಲುಂಗಿಗೆಲ್ಲ ಮಣ್ಣು, ಹಾವಿನ ರಕ್ತ. ಜನರ ನಗು ಇನ್ನೂ ಅವನ ಕಿವಿಯಲ್ಲಿತ್ತು. ಕೈಯಲ್ಲಿ ಒಂದು ದಪ್ಪ ಕಬ್ಬಿನ ಜಲ್ಲೆ.

"ಹೊಡೀಲಿ ಬಿಡ್ರಿ, ಗಟ್ಟಿ ಆಗ್ತಾಳ," ಎಂದು ಯಾರೋ ಹಳೆಯ ರೂಢಿಯಂತೆ ಅಂದರು.

ಜಲ್ಲೆ ಮೇಲೆದ್ದಿತು. ದಾನವ್ವ ಹೆದರಿದಳು. ಎದೆ ಡವಡವ ಬಡಿಯಿತು. ಟಕ್.

ಏಟು ಇನ್ನೂ ಬಿದ್ದಿರಲಿಲ್ಲ. ಅವಳು ಒಂದು ಕ್ಷಣ ಬೆರಗಾದಳು. ಈ ಸದ್ದು ತನ್ನ ಹೆದರಿಕೆಗೆ ಬಂದದ್ದು. ಜಲ್ಲೆ ಕೆಳಗಿಳಿಯುವಾಗ ಕೂತಲ್ಲಿಂದಲೇ ಕೈ ಚಾಚಿ ಅವನ ಮಣಿಕಟ್ಟನ್ನು ಹಿಡಿದಳು. ಬಳೆ ಇದ್ದ ಜಾಗದಲ್ಲಿ ಬಿಸಿಲು ಕಾಣದ ಬಿಳಿ ಪಟ್ಟಿ ಇತ್ತು. ಸರಿಯಾಗಿ ಅದರ ಮೇಲೆ ಅವಳ ಹೆಬ್ಬೆರಳು ಕೂತಿತು. ಅವನು ಜಗ್ಗಿದ. ಅವಳು ಬಿಡಲಿಲ್ಲ.

ಹೆಬ್ಬೆರಳ ಕೆಳಗೆ ಅವನ ನಾಡಿ ಓಡುತ್ತಿತ್ತು. ಇಷ್ಟು ದಿನ ಅವಳನ್ನು ಬದುಕಿಸಿದ ನಾಡಿ, ಮುಟ್ಟಿ ನೋಡಿದ್ದು ಇದೇ ಮೊದಲು. ಸಿಟ್ಟಿಗೋ ಹೆದರಿಕೆಗೋ ಅದು ಒದ್ದಾಡುತ್ತಿತ್ತು. ದಾನವ್ವ ಒಂದಿಷ್ಟು ಹೊತ್ತು ಅದನ್ನು ಎಣಿಸಿದಳು. ಆಮೇಲೆ ಅದು ತನಗೆ ಬೇಕಾಗಿಲ್ಲವೆಂದು ನೆನಪಾಗಿ, ಕೈ ಬಿಟ್ಟಳು.